ಟಂಟಂ ಯಾರು ಕಟ್ಟಿದ ಗಾಡಿ?

ಯಾದಗಿರಿ ಜಿಲ್ಲೆಯ ಶಹಾಪುರ ಬಿಟ್ಟು ಸುರಪುರದ ಕಡೆ ಹೊರಟರೆ ಊರು ಮುಗಿಯುವುದರೊಳಗೆ ರಸ್ತೆಯ ಮಗ್ಗುಲಿಗೆ ವೆಲ್ಡಿಂಗ್ ಅಂಗಡಿಗಳು ಸಿಗುತ್ತವೆ. ಹತ್ತಿ ಬಿಡಿಸುವ ಹಂಗಾಮು ಶುರುವಾಗುವ ಮುಂಚೆ ಅವಕ್ಕೆ ಕೈತುಂಬ ಕೆಲಸ. ಮೊನ್ನೆ ಅಂಥದೊಂದು ಅಂಗಡಿಯ ಮುಂದೆ, ನಮ್ಮ ಕಡೆ ಟಂಟಂ ಎಂದು ಕರೆಯುವ ಮೂರು ಗಾಲಿಯ ಆಪೆ ಗಾಡಿಯೊಂದು ಹುಡ್ ಬಿಚ್ಚಿಸಿಕೊಂಡು, ಕ್ಷೌರಕ್ಕೆ ಕೂತ ಹುಡುಗನ ಹಾಗೆ ತೆಪ್ಪಗೆ ನಿಂತಿತ್ತು. ಮಿಸ್ತ್ರಿ ಟೇಪು ಮುಟ್ಟಲಿಲ್ಲ. ಸೀಟಿನ ಅಂಚಿನಿಂದ ಹಿಂದಿನ ಪಟ್ಟಿಯವರೆಗೆ ಗೇಣು ಹಾಕಿದ. ಐದು ಗೇಣು, ಮೇಲೆ ನಾಲ್ಕು ಬೆರಳು. ಸೀಮೆಸುಣ್ಣದಲ್ಲಿ ತಗಡಿನ ಮೇಲೆ ಗೀಟು ಎಳೆದು, ಚೌಕ ಪೈಪು ಕತ್ತರಿಸಿ, ನಾಲ್ಕು ಮೂಲೆಗೆ ಬೆಸುಗೆ ಮುಟ್ಟಿಸಿದ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಫೋಮು, ಫೋಮಿನ ಮೇಲೆ ಕೆಂಪು ರೆಗ್ಸಿನ್. ಅರ್ಧ ದಿನಕ್ಕೆ ಒಂದು ಬೆಂಚು ಹೆಚ್ಚಾಯಿತು.

ಮಾತಿಗೆಂದು ಕೇಳಿದೆ: "ಇದು ಯಾವ ಕಂಪನಿ ಗಾಡಿ?"

"ಇಂಜಿನ್ ಕಂಪನೀದ್ರಿ. ಗಾಡಿ ನಮ್ದು."

ಮಿಸ್ತ್ರಿಗೆ ಗೊತ್ತಿತ್ತೋ ಇಲ್ಲವೋ, ಮೋಟಾರು ಚರಿತ್ರೆ ಬರೆಯುವವರು ಬಹಳ ಕಾಲದಿಂದ ಹಗ್ಗಜಗ್ಗಾಟ ನಡೆಸಿರುವ ಪ್ರಶ್ನೆಗೆ ಅವನು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದ. ಒಂದು ಕಂಪನಿ ಮಾಡಿದ ಸಣ್ಣ, ಅಗ್ಗದ ಗಾಡಿಗೆ ಇನ್ಯಾರೋ ಬೇರೆ ಮೈ ಕಟ್ಟುತ್ತಾರೆ. ಯಾಕೆ ಕಟ್ಟುತ್ತಾರೆ? ಕಟ್ಟಿದ ಮೇಲೆ ಅದು ಯಾರ ಗಾಡಿ? ಈ ಪ್ರಶ್ನೆ ಹೆಚ್ಚು ಚರ್ಚೆಯಾದದ್ದು ಇಟಲಿಯ ಫಿಯಟ್ 500, ಫಿಯಟ್ 600 ಎಂಬ ಪುಟ್ಟ ಕಾರುಗಳ ಸುತ್ತ. ನಮ್ಮ ಟಂಟಂ ಕೂಡ ಇಟಲಿಯ ಮೂಲದ್ದೇ. ಆದರೂ ಆ ಚರ್ಚೆಯೊಳಗೆ ಅದಕ್ಕೆ ಈವರೆಗೆ ಯಾರೂ ಜಾಗ ಕೊಟ್ಟಂತಿಲ್ಲ.

ಅಚ್ಚು ಒಂದೇ, ಮೇಲಿನದು ಬೇರೆ

ಗಾಲಿ ಒಬ್ಬರದು, ಮೈ ಇನ್ನೊಬ್ಬರದು ಎಂಬುದು ಮೋಟಾರಿಗಿಂತ ಎಷ್ಟೋ ಹಳೆಯದು. ನಮ್ಮ ಎತ್ತಿನ ಬಂಡಿಯನ್ನೇ ನೋಡಿ. ಅದೇ ಅಚ್ಚು, ಅದೇ ಗಾಲಿ, ಅದೇ ಮೂಕಿ. ತಿಪ್ಪೆಗೊಬ್ಬರ ಹೇರುವಾಗ ಸುತ್ತ ತಡಿಕೆ ಕಟ್ಟುತ್ತಾರೆ. ಕಣಿಕೆ ತರುವಾಗ ಗೂಟ ನಿಲ್ಲಿಸುತ್ತಾರೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೋ ತಿಂಥಣಿ ಮೌನೇಶ್ವರನಿಗೋ ಹೊರಟಾಗ ಕಮಾನು ಬಗ್ಗಿಸಿ, ಮೇಲೆ ಚಾಪೆ ಹೊದಿಸಿ ಸವಾರಿ ಬಂಡಿ ಮಾಡುತ್ತಾರೆ. ಗಾಲಿ ಮಾಡಿದ ಬಡಿಗನನ್ನು ಇದಕ್ಕೆಲ್ಲ ಯಾರೂ ಕೇಳುತ್ತಿರಲಿಲ್ಲ.

ಯುರೋಪಿನಲ್ಲೂ ಹೀಗೇ. ಕುದುರೆ ಸಾರೋಟು ಕಟ್ಟುತ್ತಿದ್ದ ಮನೆತನಗಳೇ ಮೋಟಾರು ಬಂದ ಮೇಲೆ ಅದಕ್ಕೂ ಮೈ ಕಟ್ಟಿಕೊಡಲು ನಿಂತವು. ಕಂಪನಿ ಇಂಜಿನ್, ಗಾಲಿ, ಚಾಸಿ ಮಾರುತ್ತಿತ್ತು. ಗಿರಾಕಿ ಅದನ್ನು ತನಗೆ ಬೇಕಾದ ಬಾಡಿ ಕಟ್ಟುವವನ ಬಳಿ ಹೊಡೆಸಿಕೊಂಡು ಹೋಗುತ್ತಿದ್ದ, ಬಟ್ಟೆ ಕೊಂಡು ದರ್ಜಿಯ ಬಳಿ ಹೋದಂತೆ. ಇಟಲಿಯಲ್ಲಿ ಇಂಥ ಕಾರ್ಖಾನೆಗೆ ಕರೋತ್ಸೇರಿಯಾ ಎನ್ನುತ್ತಾರೆ. ಆ ಮಾತಿನ ಬೇರು ಸಾರೋಟೇ.

ನಮ್ಮ ಕಡೆಗೆ ಈ ಪದ್ಧತಿ ಬಂದದ್ದು ಬಸ್ಸಿನ ರೂಪದಲ್ಲಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ನಿಜಾಮನ ಸಂಸ್ಥಾನಕ್ಕೆ ಸೇರಿದ್ದವು. 1932ರಲ್ಲಿ ನಿಜಾಮ ಸರ್ಕಾರದ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಸಂಚಾರ ಶುರು ಮಾಡಿತು. ಅವು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಮುಂಬಯಿ–ಮದ್ರಾಸ್ ರೈಲು ಯಾದಗಿರಿಯನ್ನು ಮುಟ್ಟಿ ಹೋಯಿತೇ ಹೊರತು ಶಹಾಪುರಕ್ಕಾಗಲಿ ಸುರಪುರಕ್ಕಾಗಲಿ ಹಳಿ ಇಂದಿಗೂ ಹೋಗಿಲ್ಲ. ರೈಲಿಳಿದವರು ಮುಂದಿನ ದಾರಿಯನ್ನು ಟಾಂಗಾದಲ್ಲೋ ಬಂಡಿಯಲ್ಲೋ ಬಸ್ಸಿನಲ್ಲೋ ಹಿಡಿಯಬೇಕು. ಈ ಪುಟ್ಟ ಭೂಗೋಳ ನೆನಪಿರಲಿ. ಮುಂದೆ ಟಂಟಂ ಹುಟ್ಟುವುದು ಈ ಕೊರತೆಯಲ್ಲೇ.

ಟುರಿನ್ ಊರಿನ ದರ್ಜಿಗಳು

ಟುರಿನ್ನಿನ ಫಿಯಟ್ ಕಂಪನಿಯ ಇಂಜಿನಿಯರ್ ದಾಂತೆ ಜಿಯಾಕೋಸಾ 1936ರಲ್ಲಿ ಮೊದಲ ಫಿಯಟ್ 500 ರೂಪಿಸಿದ. 569 ಸಿಸಿ ಇಂಜಿನ್, 13 ಅಶ್ವಶಕ್ತಿ. ಜನ ಅದನ್ನು ತೊಪೊಲಿನೊ ಎಂದರು. ಪುಟ್ಟ ಇಲಿ ಎಂದು ಅರ್ಥ. ಅದಕ್ಕೆ ಬೇರೆಯದೇ ಚಾಸಿ ಇತ್ತು. ಬಾಡಿ ಕಳಚಿದರೂ ಗಾಡಿ ತನ್ನ ಕಾಲಮೇಲೆ ನಿಲ್ಲುತ್ತಿತ್ತು. ಹಾಗಾಗಿ ಅದರ ಮೇಲೆ ಯಾರು ಏನು ಬೇಕಾದರೂ ಕಟ್ಟಬಹುದಿತ್ತು, ಕಟ್ಟಿದರು ಕೂಡ.

ಆಟ ಕಠಿಣವಾದದ್ದು ಯುದ್ಧ ಮುಗಿದ ಮೇಲೆ. 1955ರ ಫಿಯಟ್ 600, 1957ರ ಹೊಸ ಫಿಯಟ್ 500 ಎರಡಕ್ಕೂ ಬೇರೆ ಚಾಸಿ ಇರಲಿಲ್ಲ. ತಗಡಿನ ಗೂಡೇ ಭಾರ ಹೊರುತ್ತಿತ್ತು. ಇದನ್ನು ಮೊಟ್ಟೆಗೆ ಹೋಲಿಸಬಹುದು: ಸಿಪ್ಪೆಯೇ ಗೋಡೆ, ಸಿಪ್ಪೆಯೇ ಕಂಬ. ಒಂದು ಕಡೆ ಒಡೆದರೆ ಇಡೀ ಮೊಟ್ಟೆಯ ಬಲ ಹೋಗುತ್ತದೆ. ಹೊಸ 500ರ ಉದ್ದ ಮೂರು ಮೀಟರಿಗೂ ಕಡಿಮೆ. ಹಿಂದುಗಡೆ 479 ಸಿಸಿಯ ಎರಡು ಸಿಲಿಂಡರಿನ, ಗಾಳಿಯಿಂದ ತಣಿಯುವ ಇಂಜಿನ್. ಮೊದಮೊದಲಿನ ಗಾಡಿಗಳಿಗೆ ತಗಡಿನ ಚಾವಣಿಯ ಬದಲು ಹಿಂದಿನವರೆಗೂ ಮಡಚುವ ಬಟ್ಟೆ. 1975ರವರೆಗೆ ಸುಮಾರು 39 ಲಕ್ಷ 500ಗಳು ರಸ್ತೆಗಿಳಿದವು.

ಈ ಮೊಟ್ಟೆಯನ್ನೂ ದರ್ಜಿಗಳು ಬಿಡಲಿಲ್ಲ. ಘಿಯಾ, ವಿನ್ಯಾಲೆ, ಮೊರೆತ್ತಿ, ಸಿಯಾತಾ, ಫ್ರಾನ್ಸಿಸ್ ಲೊಂಬಾರ್ದಿ, ಸಾವಿಯೊ, ಜಗಾತೊ ಎಲ್ಲರೂ ಕೈ ಹಾಕಿದರು. ಜಗಾತೊ 600ರ ಅಂಗಾಂಗಗಳ ಮೇಲೆ ಅಬಾರ್ತ್ ಕಂಪನಿಗಾಗಿ ಪಂದ್ಯದ ಕಾರು ಕಟ್ಟಿತು. ಅದರ ಚಾವಣಿ ಇಬ್ಬರ ತಲೆಗೂ ಒಂದೊಂದು ಉಬ್ಬು ಬಿಟ್ಟುಕೊಂಡಿತ್ತು, ಒಂಟೆಯ ಬೆನ್ನಿನಂತೆ. ವಿನ್ಯಾಲೆ 1967ರಲ್ಲಿ ತಂದ ಗಮಿನೆ ಹೊಸ 500ರ ಮೇಲೆ 1930ರ ದಶಕದ ವೇಷ ತೊಡಿಸಿದ ಆಟಿಕೆ. ಇವೆಲ್ಲಕ್ಕಿಂತ ಹೆಸರಾದದ್ದು ಘಿಯಾದ ಜಾಲಿ. 1958ರ ಸುಮಾರಿಗೆ ಬಂತು. ಚಾವಣಿ ಕೊಯ್ದು, ಬಾಗಿಲು ಕಿತ್ತು, ಸೀಟಿನ ಜಾಗದಲ್ಲಿ ಬೆತ್ತದಿಂದ ಹೆಣೆದ ಆಸನ ಇಟ್ಟು, ಮೇಲೆ ಜಾಲರಿ ಅಂಚಿನ ಬಟ್ಟೆಯ ಮೇಲ್ಕಟ್ಟು ಬಿಗಿದರು. ಒದ್ದೆ ಈಜುಡುಗೆಯಲ್ಲಿ ಕೂತರೂ ಸೀಟು ಕೆಡಬಾರದೆಂದು ಆ ಬೆತ್ತ. ಬೆಲೆ ಮೂಲ ಕಾರಿನ ಸುಮಾರು ಎರಡರಷ್ಟು. ಗ್ರೀಸಿನ ಹಡಗು ಧನಿಕ ಒನಾಸಿಸ್, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಇದನ್ನು ಇಟ್ಟುಕೊಂಡಿದ್ದರು. ಸಿಪ್ಪೆ ಕೊಯ್ದದ್ದರಿಂದ ಹೋದ ಬಲವನ್ನು ಕೆಳಗಡೆ ಪಟ್ಟಿ ಬೆಸೆದು ತುಂಬಿಕೊಳ್ಳಬೇಕಿತ್ತು. ನಮ್ಮ ಮಿಸ್ತ್ರಿಗೆ ಆ ಚಿತ್ರ ತೋರಿಸಿದೆ. ಬೆತ್ತದ ಸೀಟಿಗೆ ನಕ್ಕ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿಸಿ ಬಾಗಿಲಿನ ಕೆಳಗಿನ ಅಂಚನ್ನೇ ದಿಟ್ಟಿಸಿದ: "ಇಲ್ಲಿ ಡಬಲ್ ಪಟ್ಟಿ ಕೊಟ್ಟಿರಬೇಕ್ರಿ."

ಕಂಪನಿಯೇ ಮಾಡಿದ ಮೈಗಳೂ ಇದ್ದವು. 1956ರ 600 ಮಲ್ಟಿಪ್ಲಾ ಮೂರು ಸಾಲು, ಆರು ಜನರ ಗಾಡಿ. ಚಾಲಕ ಮುಂಗಾಲಿಯ ಮೇಲೆಯೇ ಕೂತಂತೆ ಇರುತ್ತಿದ್ದ. ಇಟಲಿಯ ಊರುಗಳಲ್ಲಿ ಅದು ಟ್ಯಾಕ್ಸಿಯಾಯಿತು. 1960ರ ಜಾರ್ದಿನಿಯೆರಾಕ್ಕೆ ಇಂಜಿನನ್ನೇ ಮಗ್ಗುಲಿಗೆ ಮಲಗಿಸಿ, ಅದರ ಮೇಲೆ ಸಾಮಾನಿಡಲು ನೆಲ ಮಾಡಿದರು. ಫಿಯಟ್, ಪಿರೆಲ್ಲಿ, ಬಿಯಾಂಕಿ ಸೇರಿ 1955ರಲ್ಲಿ ಕಟ್ಟಿದ ಅವ್ತೊಬಿಯಾಂಕಿ 500ರ ಅಂಗಾಂಗಗಳಿಗೆ ಸ್ವಲ್ಪ ಠೀವಿಯ ಅಂಗಿ ತೊಡಿಸಿ ಬಿಯಾಂಕಿನಾ ಎಂದು ಮಾರಿತು.

ನಾಲ್ಕು ಉತ್ತರಗಳು

ಯಾಕೆ ಇಷ್ಟು ಮೈ ಎಂಬುದಕ್ಕೆ ಸ್ಥೂಲವಾಗಿ ನಾಲ್ಕು ಉತ್ತರಗಳಿವೆ. ಮೊದಲನೆಯದನ್ನು ಶೋಕಿಯ ವಾದ ಎನ್ನೋಣ. ಎಲ್ಲರ ಮನೆಯಲ್ಲೂ ಒಂದೇ ಕಾರು ಬಂದಾಗ ಉಳ್ಳವನಿಗೆ ತನ್ನದು ಬೇರೆ ಕಾಣಬೇಕು. ಇಟಲಿಯವರು ಇಂಥ ಗಾಡಿಗೆ ಫುವೊರಿಸೇರಿಯೆ, ಅಂದರೆ ಸಾಲಿನಿಂದ ಹೊರಗಿನದು, ಎಂದು ಹೆಸರಿಟ್ಟದ್ದೇ ಇದಕ್ಕೆ ಸಾಕ್ಷಿ ಎನ್ನುತ್ತಾರೆ ಈ ವಾದದವರು. ಜಾಲಿ, ಗಮಿನೆಗಳಿಗೆ ಇದು ಸರಿಹೊಂದುತ್ತದೆ. ಆದರೆ ಮಲ್ಟಿಪ್ಲಾ ಟ್ಯಾಕ್ಸಿಯ ಮುಂದೆ ಈ ವಾದ ತಡವರಿಸುತ್ತದೆ. ಅದರಲ್ಲಿ ಶೋಕಿ ಮಾಡಿದವರನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ.

ಎರಡನೆಯದು ತಗಡಿನ ವಾದ. ಮೈ ಬದಲಿಸುವುದು ಸಾಧ್ಯವೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಗಾಡಿಯ ಕಟ್ಟಡ. ಬೇರೆ ಚಾಸಿ ಇರುವವರೆಗೆ ದರ್ಜಿಗಳು ಬದುಕಿದರು; ಮೊಟ್ಟೆಯಂಥ ಕಾರು ಬಂದ ಮೇಲೆ ಒಬ್ಬೊಬ್ಬರೇ ಮುಚ್ಚಿದರು ಅಥವಾ ಮಾರಿಕೊಂಡರು. ವಿನ್ಯಾಲೆ 1969ರಲ್ಲಿ ಕೈ ಬದಲಾಯಿತು, ಘಿಯಾ 1970ರಲ್ಲಿ ಫೋರ್ಡ್‌ನ ಪಾಲಾಯಿತು. ಲೆಕ್ಕ ಸಲೀಸಾಗಿದೆ. ಒಂದೇ ತೊಡಕು: 500 ಮತ್ತು 600 ಎರಡೂ ಮೊಟ್ಟೆಯಂಥ ಕಾರುಗಳೇ, ಅವುಗಳ ಮೇಲೇ ಇಷ್ಟೊಂದು ಮೈ ಎದ್ದವು. ತಗಡು ಕಷ್ಟ ಕೊಟ್ಟಿತು, ತಡೆಯಲಿಲ್ಲ.

ಮೂರನೆಯದು ಕಾಯಿದೆಯ ವಾದ. ಯಾವ ದೇಶದಲ್ಲಿ ಏನನ್ನು ಆಮದು ಮಾಡಬಹುದು, ಯಾವುದಕ್ಕೆ ಎಷ್ಟು ಸುಂಕ, ಯಾವುದಕ್ಕೆ ಪರ್ಮಿಟ್ ಎಂಬುದೇ ಮೈಯನ್ನು ತೀರ್ಮಾನಿಸುತ್ತದೆ ಎನ್ನುವವರು ಇವರು. 600 ಸ್ಪೇನಿನಲ್ಲಿ ಸೆಯಾಟ್ ಆಯಿತು, ಯುಗೊಸ್ಲಾವಿಯಾದಲ್ಲಿ ಜಾಸ್ತವಾ ಆಯಿತು. 500 ಆಸ್ಟ್ರಿಯಾದಲ್ಲಿ ಸ್ಟೈರ್ ಪುಖ್ ಆಗಿ ಬೇರೆ ಇಂಜಿನನ್ನೇ ಹಾಕಿಕೊಂಡಿತು. ಇವೆಲ್ಲ ಗಡಿ, ಸುಂಕಗಳು ಹೆತ್ತ ಮಕ್ಕಳು.

ನಾಲ್ಕನೆಯದು ಬಳಕೆಯ ವಾದ. ಗಾಡಿ ಹೊರಬೇಕಾದ ಹೊರೆ, ಹೋಗಬೇಕಾದ ದಾರಿ, ಕೂರಬೇಕಾದ ಮಂದಿ ಅದಕ್ಕೆ ಮೈ ಕೊಡುತ್ತಾರೆ. ವಿನ್ಯಾಸದ ಪುಸ್ತಕಗಳಲ್ಲಿ ಈ ವಾದಕ್ಕೆ ಒಂದು ಅಡಿ ಟಿಪ್ಪಣಿಯಷ್ಟು ಜಾಗ ಸಿಕ್ಕರೆ ಹೆಚ್ಚು. ಬೆತ್ತದ ಸೀಟಿನ ಜಾಲಿಗೆ ಬಣ್ಣದ ಚಿತ್ರಗಳಿವೆ, ತರಕಾರಿ ಹೇರುವ ಜಾರ್ದಿನಿಯೆರಾಕ್ಕೆ ಇಲ್ಲ. ನನ್ನ ಒಲವು ಈ ನಾಲ್ಕನೆಯದರ ಕಡೆಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಭಾರತಕ್ಕೆ ಬಂದಾಗ ಮೂರನೆಯದನ್ನು ದಾಟಿ ಹೋಗಲಾಗುವುದಿಲ್ಲ.

ಕುರ್ಲಾದಲ್ಲಿ ಒಂದೇ ಮೈ

ಭಾರತದಲ್ಲಿ ಕಾರು ತಯಾರಿಸುವ ಕನಸು ಮೊದಲು ಕಟ್ಟಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಒಬ್ಬರು. 1930ರ ದಶಕದ ನಡುವಿನಲ್ಲಿ ಅವರು ಹಾಕಿದ ಮೋಟಾರು ಕಾರ್ಖಾನೆಯ ಯೋಜನೆಗೆ ಬ್ರಿಟಿಷ್ ಸರ್ಕಾರ ಬೆನ್ನು ತಟ್ಟಲಿಲ್ಲ. ಅವರೊಂದಿಗೆ ಆ ಕನಸು ಹಂಚಿಕೊಂಡಿದ್ದ ವಾಲಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹೂಡಿದರು; 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕಾರು ಬೆಂಗಳೂರಿಗೆ ಬರಲಿಲ್ಲ, ಮುಂಬಯಿಯ ಕುರ್ಲಾಕ್ಕೆ ಹೋಯಿತು.

ಕುರ್ಲಾದಲ್ಲಿ 1950ರ ದಶಕದ ಆರಂಭದಲ್ಲಿ ತೊಪೊಲಿನೊ ಜೋಡಿಸಿದರು. ಆಮೇಲೆ ಫಿಯಟ್ 1100. ಅದರ 1100ಡಿ ರೂಪ 1960ರ ದಶಕದಲ್ಲಿ ಬಂತು, 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತಿತು. ಇಟಲಿ ಕೈಬಿಟ್ಟು ಎಷ್ಟೋ ವರ್ಷವಾದ ಮೇಲೂ ಹೊಸ ಶತಮಾನದ ಹೊಸ್ತಿಲವರೆಗೆ ಅದೇ 1089 ಸಿಸಿ ಇಂಜಿನ್, ಅದೇ ಮೈ. ಕಾಯಿದೆಯ ವಾದದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1953ರ ಸುಂಕ ಆಯೋಗದ ವರದಿಯ ನಂತರ ಇಲ್ಲಿಯೇ ತಯಾರಿಸುವ ಕಾರ್ಯಕ್ರಮ ಇದ್ದವರಿಗೆ ಮಾತ್ರ ಬಾಗಿಲು ತೆರೆದಿತ್ತು. ಕಾರಿಗಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾದರು. ಸಿಕ್ಕಿದ್ದೇ ಪುಣ್ಯ ಎಂದಿರುವಾಗ ಚಾವಣಿ ಕೊಯ್ಯುವ ಧೈರ್ಯ ಯಾರಿಗೆ ಬರುತ್ತದೆ?

ಟುರಿನ್ನಿನಲ್ಲಿ ಒಂದು ಗಾಡಿಗೆ ಹತ್ತಾರು ಮೈ. ಕುರ್ಲಾದಲ್ಲಿ ಹತ್ತಾರು ವರ್ಷಕ್ಕೆ ಒಂದೇ ಮೈ. ಯಾದಗಿರಿ ಜಿಲ್ಲೆಯಿಂದ ದುಡಿಯಲು ಮುಂಬಯಿಗೆ ಹೋದವರೆಲ್ಲ ಪದ್ಮಿನಿಯನ್ನು ಕರಿ-ಹಳದಿ ಬಣ್ಣದ ಟ್ಯಾಕ್ಸಿಯಾಗಿ ನೋಡಿದವರೇ. ತಲೆಯ ಮೇಲಿನ ಕ್ಯಾರಿಯರ್, ಒಳಗೆ ಚಾವಣಿಗೆ ಅಂಟಿಸಿದ ಹೂಬಳ್ಳಿಯ ಪ್ಲಾಸ್ಟಿಕ್ ಹಾಳೆ, ಸೀಟಿಗೆ ಹೊಲಿಸಿದ ಗವುಸು, ಇಷ್ಟರಲ್ಲೇ ಚಾಲಕರು ತಮ್ಮ ಕಲೆ ತೋರಿಸಿದರು. ಮೈ ಬದಲಿಸಲು ಬಾರದವರು ಒಳಗೆ ಬದಲಿಸಿದರು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿಯಿತು.

ಜೇನುಹುಳ ನಮ್ಮೂರಿಗೆ ಬಂದದ್ದು

ಆಪೆಯ ಕಥೆ ಕಾರಿನದಲ್ಲ, ಸ್ಕೂಟರಿನದು. ವಿಮಾನದ ಇಂಜಿನಿಯರ್ ಕೊರಾದಿನೊ ದಾಸ್ಕಾನಿಯೊ 1946ರಲ್ಲಿ ಪಿಯಾಜಿಯೊ ಕಂಪನಿಗೆ ವೆಸ್ಪಾ ಮಾಡಿಕೊಟ್ಟ. ವೆಸ್ಪಾ ಎಂದರೆ ಕಣಜ. ಎರಡು ವರ್ಷದ ಮೇಲೆ ಅದರ ಹಿಂದೆ ಎರಡು ಗಾಲಿ, ಒಂದು ಹಲಗೆ ಕಟ್ಟಿ ಸಾಮಾನು ಹೇರುವ ಗಾಡಿ ಮಾಡಿದ. ಕಣಜ ಕುಟುಕುತ್ತದೆ, ಇದು ದುಡಿಯುತ್ತದೆ. ಅದಕ್ಕೆ ಆಪೆ, ಅಂದರೆ ಜೇನುಹುಳ, ಎಂದು ಹೆಸರಾಯಿತು. ಯುದ್ಧದಲ್ಲಿ ಸೋತು ಸೊರಗಿದ ದೇಶಕ್ಕೆ ಕಾರು ಕೊಳ್ಳುವ ತಾಕತ್ತು ಇಲ್ಲದಾಗ ಹುಟ್ಟಿದ ಗಾಡಿ ಅದು. ಹಿಂದೆ ಜನ ಕೂರುವ ಸೀಟು ಹಾಕಿದ ರೂಪಕ್ಕೆ ಇಟಲಿಯವರು ಕಲೆಸ್ಸಿನೊ ಎಂದರು. ಅದು ಸಣ್ಣ ಕುದುರೆಗಾಡಿಯ ಹೆಸರು.

ಭಾರತಕ್ಕೆ ಈ ವಂಶ ಎರಡು ಸಲ ಬಂತು. ಮೊದಲು ಬಜಾಜ್ ಮೂಲಕ: 1959ರಲ್ಲಿ ತಯಾರಿಕೆಯ ಪರವಾನಗಿ, 1971ರಲ್ಲಿ ಪಿಯಾಜಿಯೊದ ನಂಟು ಮುಕ್ತಾಯ. ಅಲ್ಲಿಂದ ಬೆಳೆದದ್ದು ಊರೂರಿನ ಆಟೊರಿಕ್ಷಾ. ಎರಡನೆಯ ಸಲ 1990ರ ದಶಕದ ಕೊನೆಯಲ್ಲಿ ಪಿಯಾಜಿಯೊ ತಾನೇ ಗ್ರೀವ್ಸ್ ಕಂಪನಿಯ ಜೊತೆಗೂಡಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕಾರ್ಖಾನೆ ತೆರೆಯಿತು. ಒಂದೇ ಸಿಲಿಂಡರಿನ ಡೀಸೆಲ್ ಇಂಜಿನಿನ ಆಪೆ ಹೊರಬಂತು. ಈ ನಡುವೆ ಇಟಲಿಯದೇ ಲ್ಯಾಂಬ್ರೆಟಾದ ಯಂತ್ರಗಳನ್ನು ಕೊಂಡು 1972ರಲ್ಲಿ ಹುಟ್ಟಿದ ಲಖನೌದ ಸ್ಕೂಟರ್ಸ್ ಇಂಡಿಯಾ, ವಿಕ್ರಮ್ ಎಂಬ ಮೂರು ಗಾಲಿಯ ಗಾಡಿಯನ್ನು ಉತ್ತರ ಭಾರತದ ತುಂಬ ಓಡಿಸಿತು.

ಬಾರಾಮತಿಯ ಡೀಸೆಲ್ ಆಪೆಯೇ ನಮ್ಮ ಕಡೆಯ ಟಂಟಂ. ಬೆಂಗಳೂರಿನವರಿಗೆ ಆಟೊ ಎಂದರೆ ಮೂರು ಜನ, ಮೀಟರು. ಕಲ್ಯಾಣ ಕರ್ನಾಟಕದಲ್ಲಿ ಟಂಟಂ ಎಂದರೆ ಸೀಟಿನ ಲೆಕ್ಕ. ಚಾಲಕನ ಎರಡೂ ಮಗ್ಗುಲಿಗೆ ಅರ್ಧ ಕುಂಡೆ ಊರಿ ಕೂತವರು, ಹಿಂದೆ ಮೊಣಕಾಲಿಗೆ ಮೊಣಕಾಲು ತಗಲಿಸಿ ಎದುರುಬದುರು ಕೂತವರು, ಮೇಲೆ ಕ್ಯಾರಿಯರಿನಲ್ಲಿ ಗಂಟು, ಚೀಲ, ಕೆಲವೊಮ್ಮೆ ಒಂದು ಆಡು. ನಸುಕಿನಲ್ಲಿ ಸುರಪುರದ ಸುತ್ತಲಿನ ಹಳ್ಳಿಗಳಿಂದ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ಬುತ್ತಿಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಡುತ್ತ ಹೋಗುವುದು ಇದರಲ್ಲೇ. ನಾರಾಯಣಪುರ ಜಲಾಶಯದ ಕಾಲುವೆ ನೀರು ಈ ನೆಲಕ್ಕೆ ಹರಿದ ಮೇಲೆ ಕೂಲಿಯ ದಿನಗಳು ಹೆಚ್ಚಿದವು. ದಿನಾ ಒಂದೂರಿನ ಆಳು ಇನ್ನೊಂದೂರಿನ ಹೊಲಕ್ಕೆ ಹೋಗಬೇಕಾಯಿತು. ಬಸ್ಸು ಹೊಲದ ದಾರಿಗೆ ಇಳಿಯುವುದಿಲ್ಲ. ಟ್ರ್ಯಾಕ್ಟರು ತಡ. ಆ ತೆರಪಿಗೆ ಆಪೆ ಬಂದು ಕೂತಿತು. ಕೂತ ಮೇಲೆ ಮಿಸ್ತ್ರಿಯ ಬಳಿ ಹೋಗಿ ಅಗಲವಾಯಿತು.

ಇಲ್ಲಿ ಶೋಕಿಯ ವಾದವನ್ನು ಪೂರ್ತಿ ಅಲ್ಲಗಳೆಯಲಿಕ್ಕೂ ಆಗದು. ಬೆನ್ನಿಗೆ ಬರೆಸಿದ ಮೌನೇಶ್ವರ, ಗಾಜಿಗೆ ಅಂಟಿಸಿದ ನಟರು, ಒಳಗಿನ ನೀಲಿ ದೀಪ, ಸ್ಪೀಕರು, ಕನ್ನಡಿಗೆ ಕಟ್ಟಿದ ಗೊಂಡೆ ಇವನ್ನು ಯಾವ ಹೊರೆಯೂ ಕೇಳುವುದಿಲ್ಲ. ಶೋಕಿ ಉಳ್ಳವರ ಸೊತ್ತು ಎಂದು ಬರೆದವರು ಟಂಟಂ ಹತ್ತಿಲ್ಲ ಅಷ್ಟೆ.

ಬಳಕೆಯ ವಾದಕ್ಕೆ ಒಂದು ಕರಾಳ ಮುಖವೂ ಉಂಟು. ಮೂರು ಗಾಲಿಯ ಗಾಡಿ ತಿರುವಿನಲ್ಲಿ ಮುಂದಿನ ಒಂಟಿ ಗಾಲಿಯ ಕಡೆಗೆ ವಾಲುತ್ತದೆ. ಮೇಲೆ ಹೇರಿದಷ್ಟೂ ಭಾರದ ನಡು ಮೇಲಕ್ಕೆ ಏರುತ್ತದೆ. ಹಿಂದೆ ಹೆಚ್ಚಿಸಿದ ಬೆಂಚು ಮುಂಗಾಲಿಯನ್ನು ಹಗುರ ಮಾಡಿದರೆ ಹ್ಯಾಂಡಲ್ ತಿರುಗಿಸಿದ ಕಡೆ ಗಾಡಿ ತಿರುಗದು. ಕೂಲಿಯವರಿದ್ದ ಟಂಟಂ ಪಲ್ಟಿ ಎಂಬ ಸುದ್ದಿಯನ್ನು ಈ ಜಿಲ್ಲೆಯ ಪತ್ರಿಕೆ ಓದುಗರು ಎಷ್ಟು ಸಲ ಓದಿಲ್ಲ? ಮಿಸ್ತ್ರಿಯ ಕೈಚಳಕವನ್ನು ಹೊಗಳುವ ನನ್ನಂಥವರು ಆ ಸುದ್ದಿಯನ್ನೂ ಅದೇ ಪುಟದಲ್ಲಿ ಇಟ್ಟುಕೊಂಡು ಬರೆಯಬೇಕು.

ಕಾಗದದ ಮೇಲಿನ ಗಾಡಿ

ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ಕಂಪನಿ ಮೊದಲು ನಮೂದಿಸಿದ ವಿವರಕ್ಕೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದ ಹಾಗೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಎಂದರೆ, ಕಾನೂನಿನ ಕಣ್ಣಿನಲ್ಲಿ ಗಾಡಿ ಪೂರ್ತಿಯಾಗಿ ಕಂಪನಿಯದು. ಮಿಸ್ತ್ರಿಯದು ಏನಿದ್ದರೂ ತಪ್ಪು.

ಆದರೆ ಅದೇ ಕಾನೂನು ಬಸ್ಸು, ಲಾರಿಯ ವಿಷಯದಲ್ಲಿ ಬೇರೆ ಮಾತಾಡುತ್ತದೆ. ಲಾರಿಯ ಚಾಸಿಯನ್ನು ಬೋಳಾಗಿಯೇ ಮಾರುತ್ತಾರೆ. ಚಾಲಕ ಹೆಲ್ಮೆಟ್ ಹಾಕಿಕೊಂಡು ಗಾಳಿಗೆ ಮೈಯೊಡ್ಡಿ ಹೆದ್ದಾರಿಯಲ್ಲಿ ಅದನ್ನು ಹೊಡೆದುಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಬಸ್ಸಿನ ಬಾಡಿಗೆಂದೇ ಪ್ರತ್ಯೇಕ ಸಂಹಿತೆ ಇದೆ. ಯಾದಗಿರಿಯಲ್ಲಿಯೇ ಸಾರಿಗೆ ಸಂಸ್ಥೆಯ ಪ್ರಾದೇಶಿಕ ಕಾರ್ಯಾಗಾರವಿದೆ. ಈಶಾನ್ಯ ಸಾರಿಗೆಯಾಗಿದ್ದು 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಎಂಬ ಹೆಸರು ಪಡೆದ ಸಂಸ್ಥೆಯದು. ಅಂದರೆ ಒಂದೇ ಜಿಲ್ಲೆಯಲ್ಲಿ ಬಾಡಿ ಕಟ್ಟುವುದು ಸರ್ಕಾರಿ ನೌಕರಿಯೂ ಹೌದು, ದಂಡ ತೆರಬೇಕಾದ ಅಪರಾಧವೂ ಹೌದು. ವ್ಯತ್ಯಾಸ ಚಾಸಿ ಬೋಳಾಗಿ ಬಂತೋ ಬಟ್ಟೆ ತೊಟ್ಟು ಬಂತೋ ಎಂಬುದರಲ್ಲಿದೆ. ತಗಡಿನ ವಾದ ಇಲ್ಲಿ ಕಾಯಿದೆಯ ವಾದಕ್ಕೆ ಬಂದು ಕೂಡಿಕೊಳ್ಳುತ್ತದೆ. ಎರಡೂ ಬೇರೆಬೇರೆ ಎಂದು ಮೇಲೆ ನಾನೇ ಪಟ್ಟಿ ಮಾಡಿದ್ದು ಅಷ್ಟು ಸರಿಯಲ್ಲವೇನೋ ಎಂಬ ಅನುಮಾನ ನನಗೆ ಬಂದದ್ದು ಈ ಕಾರ್ಯಾಗಾರದ ಮುಂದೆ ಹಾದುಹೋಗುವಾಗಲೇ.

ಬೋಗಿ ಎಂದರೆ ಯಾವುದು?

ಫಿಯಟ್ ಎಂಬ ಹೆಸರು ಈ ಜಿಲ್ಲೆಯಲ್ಲಿ ಇನ್ನೊಂದು ಕಡೆಯೂ ಇದೆ, ಕಾರಿಗೆ ಸಂಬಂಧವೇ ಇಲ್ಲದೆ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ರೈಲ್ವೆ ಕಾರ್ಖಾನೆಯಲ್ಲಿ ತಯಾರಾಗುವ ಚೌಕಟ್ಟಿಗೆ ಫಿಯಟ್ ಬೋಗಿ ಫ್ರೇಮ್ ಎನ್ನುತ್ತಾರೆ. ಜರ್ಮನಿಯ ಲಿಂಕೆ ಹೋಫ್‌ಮನ್ ಬುಶ್ ಕಂಪನಿಯ ವಿನ್ಯಾಸದ ಹೊಸ ರೈಲು ಡಬ್ಬಿಗಳು ನಿಲ್ಲುವುದು ಈ ಚೌಕಟ್ಟಿನ ಮೇಲೆ. ಫ್ರೇಮು ಯಾದಗಿರಿಯಲ್ಲಿ, ಡಬ್ಬಿ ಬೇರೆ ರಾಜ್ಯದ ಕೋಚ್ ಕಾರ್ಖಾನೆಯಲ್ಲಿ, ವಿನ್ಯಾಸದ ಹೆಸರು ಯುರೋಪಿನದು.

ಇಂಜಿನಿಯರುಗಳ ಭಾಷೆಯಲ್ಲಿ ಬೋಗಿ ಎಂದರೆ ಗಾಲಿಗಳಿರುವ ಕೆಳಗಿನ ಚೌಕಟ್ಟು. ಕನ್ನಡದಲ್ಲಿ ಬೋಗಿ ಎಂದರೆ ನಾವು ಕೂರುವ ಡಬ್ಬಿ. "ಯಾವ ಬೋಗಿ?" ಎಂದು ಸ್ಟೇಷನ್ನಿನಲ್ಲಿ ಕೇಳುವವನು ಗಾಲಿಯ ಬಗ್ಗೆ ಕೇಳುತ್ತಿಲ್ಲ. ಕೆಳಗಿನದರ ಹೆಸರನ್ನು ತೆಗೆದು ನಮ್ಮ ಜನ ಮೇಲಿನದಕ್ಕೆ ಇಟ್ಟುಬಿಟ್ಟಿದ್ದಾರೆ. ಗಾಡಿ ಎಂದರೆ ಮಂದಿ ಕೂರುವ ಜಾಗ ಎಂದು ಭಾಷೆಯೇ ತೀರ್ಮಾನಿಸಿದಂತಿದೆ. ಮಿಸ್ತ್ರಿಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಬಾಡಿ ಕಟ್ಟುವ ಕಸುಬು 1970ರ ಹೊತ್ತಿಗೆ ಸತ್ತಿತು ಎಂದು ಟುರಿನ್ನಿನಿಂದ ನೋಡಿದವರು ಬರೆಯುತ್ತಾರೆ. ಶಹಾಪುರದಿಂದ ನೋಡಿದರೆ ಅದು ಸತ್ತಿಲ್ಲ, ಊರು ಬದಲಿಸಿದೆ. ಹಾಗಾದರೆ ಬೆಂಚು ಹೆಚ್ಚಿಸುವುದನ್ನೂ ಘಿಯಾ ಮಾಡಿದ್ದನ್ನೂ ಒಂದೇ ಕಸುಬೆಂದು ಕರೆಯಬಹುದೇ? ಅಲ್ಲಿ ನಕ್ಷೆಯಿತ್ತು, ಸಹಿಯಿತ್ತು. ಇಲ್ಲಿ ಗೇಣು ಇದೆ, ಸಹಿಯಿಲ್ಲ. ಸಹಿ ಇಲ್ಲದ್ದನ್ನು ವಿನ್ಯಾಸ ಎನ್ನಲು ಚರಿತ್ರೆಕಾರರು ಹಿಂಜರಿಯುತ್ತಾರೆ. ಆ ಹಿಂಜರಿಕೆ ಸರಿಯೋ ತಪ್ಪೋ ಎಂಬುದು ತೀರಿಲ್ಲ.

ಎರಡನೆಯದು ಸುರಕ್ಷತೆ. ಬಸ್ಸಿನ ಬಾಡಿಗೆ ಸಂಹಿತೆ ಬರೆದವರು ಕೂಲಿಯವರ ಮೂರು ಗಾಲಿಗೂ ಒಂದನ್ನು ಬರೆಯಬಹುದೇ, ಅಥವಾ ಹೊಲದ ದಾರಿಗೆ ಬೇರೆಯದೇ ಗಾಡಿ ಬೇಕೇ? ಸಾರಿಗೆಯವರು, ಪೊಲೀಸರು, ರೈತರು ಮೂವರ ಉತ್ತರ ಮೂರು ಬಗೆ. ಹೆಣ್ಣಾಳುಗಳನ್ನು ಯಾರೂ ಕೇಳಿದ್ದು ಕಾಣೆ.

ಮೂರನೆಯದು ಉಳಿಸಿಕೊಳ್ಳುವ ಪ್ರಶ್ನೆ. ಜಾಲಿ ಇಂದು ಹರಾಜಿನಲ್ಲಿ ಮೂಲ ಕಾರಿಗಿಂತ ಎಷ್ಟೋ ಪಟ್ಟು ಬೆಲೆ ಪಡೆಯುತ್ತದೆ. ಟಂಟಂ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಇನ್ನು ಐವತ್ತು ವರ್ಷಕ್ಕೆ ಒಂದಾದರೂ ಉಳಿದಿರುತ್ತದೆಯೇ, ಉಳಿದರೆ ಅದರ ಫಲಕದ ಮೇಲೆ ಯಾರ ಹೆಸರು?

ಕೊನೆಯದು ಹೆಸರಿನದೇ. ಟಂಟಂ ಎಂಬುದು ಡೀಸೆಲ್ ಇಂಜಿನಿನ ಸದ್ದಿನಿಂದ ಬಂತು ಎನ್ನುವವರೇ ಹೆಚ್ಚು. ಆದರೆ ಬ್ರಿಟಿಷರ ಕಾಲದ ಹಿಂದುಸ್ತಾನದಲ್ಲಿ ಒಂದು ಬಗೆಯ ಸಣ್ಣ ಕುದುರೆಗಾಡಿಗೆ ಟಂಟಂ ಎನ್ನುತ್ತಿದ್ದರು. ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿಯೂ ಆ ಪದವಿದೆ. ಟುರಿನ್ನಿನ ಸಾರೋಟು ಕರೋತ್ಸೇರಿಯಾ ಆದಂತೆ, ಕುದುರೆಗಾಡಿಯ ಹೆಸರು ಕಲೆಸ್ಸಿನೊಗೆ ಅಂಟಿಕೊಂಡಂತೆ, ಇಲ್ಲಿಯೂ ಹಳೆಯ ಗಾಡಿಯ ಹೆಸರು ಹೊಸದಕ್ಕೆ ದಾಟಿತೇ? ಇಲ್ಲ, ಸದ್ದೂ ಹೆಸರೂ ಸುಮ್ಮನೆ ತಾಳೆಯಾದವೇ? ಪರೀಕ್ಷೆಗೆ ಈಗ ಒಂದು ಸಂದರ್ಭ ಒದಗಿದೆ. ಬ್ಯಾಟರಿ ಗಾಡಿಗಳು ಬರುತ್ತಿವೆ, ಅವಕ್ಕೆ ಸದ್ದೇ ಇಲ್ಲ. ಮೊನ್ನೆ ಯಾದಗಿರಿ ಸ್ಟೇಷನ್ನಿನ ಹೊರಗೆ ಅಂಥದೊಂದು ಬಂದು ನಿಂತಾಗ, ಗಂಟು ಹೊತ್ತ ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳಿದಳು: "ಏ, ಟಂಟಂ ಬಂತು, ನಡಿ."